ಒಂದು ಸುತ್ತು ಸ್ಪ್ರಿಂಗು

ಮಸ್ಕಿಯಿಂದ ಕೆಲಸಕ್ಕೆ ಓಡಾಡುವ ನನ್ನ ಕಾರು ತಿರುವುಗಳಲ್ಲಿ ತುಂಬ ವಾಲುತ್ತಿತ್ತು. ಕಾರಿನ ಎತ್ತರವನ್ನು ತುಸು ತಗ್ಗಿಸುವ ಗಿಡ್ಡ ಸ್ಪ್ರಿಂಗು, ಅದಕ್ಕೆ ಹೊಂದುವ ಶಾಕ್ ಅಬ್ಸಾರ್ಬರ್ ಎರಡನ್ನೂ ಓದಿ ಆರಿಸಿಕೊಂಡೇ ಅಪ್ಪನೊಡನೆ ಸಿಂಧನೂರಿನ ಗ್ಯಾರೇಜಿಗೆ ಹೋದೆ. ನಾನು ಹೇಳಿದ್ದನ್ನೆಲ್ಲ ಕೇಳಿದ ಮಿಸ್ತ್ರಿ ಅಪ್ಪನ ಕಡೆ ತಿರುಗಿದ.

“ಹೊಸಾವು ಯಾಕ್ರಿ ಯಜಮಾನ್ರ? ಇದ್ದ ಸ್ಪ್ರಿಂಗನ್ನ ಒಂದ್ ಸುತ್ತು ಕೊಯ್ದ್ರ ಗಾಡಿ ತಾನಾಗೇ ತಗ್ಗತದ.”

“ನನಗ ಸೈಕಲ್ ಸೈತ ಬರಂಗಿಲ್ಲಪ. ಗಾಡಿ ಆಕೀದು, ಆಕೀನ್ನ ಕೇಳು,” ಎಂದರು ಅಪ್ಪ.

“ಆದ್ರೂ ನೀವು ಹ್ಞೂಂ ಅನ್ರಿ.”

ಕೊಯ್ದ ಸ್ಪ್ರಿಂಗು ತನ್ನ ಜಾಗದಲ್ಲಿ ಬಿಗಿಯಾಗಿ ಕೂರುವುದಿಲ್ಲ. ನಾನು ದಿನವೂ ಹೋಗುವ ಕಾಲುವೆ ರಸ್ತೆಯ ಗುಂಡಿಗಳಲ್ಲಿ ಕಳಚಿಕೊಳ್ಳಬಹುದು. ಆಗ ಒಳಗೆ ಕೂತಿರುವವಳು ನಾನು. ಹ್ಞೂಂ ಅನ್ನಬೇಕಾದವರು ಮಾತ್ರ ಅಪ್ಪ!

ಮಿಸ್ತ್ರಿಯ ಬಳಿಯಿದ್ದ ಕಾರಿನ ಕೀಲಿಗಾಗಿ ಕೈ ಚಾಚಿದೆ. ಅವನು ಅದನ್ನು ಅಪ್ಪನ ಕೈಗಿಟ್ಟ. ಅಪ್ಪನಿಂದ ತೆಗೆದುಕೊಂಡು, ಬೇರೆ ಗ್ಯಾರೇಜು ಹುಡುಕಲು ಲಿಂಗಸುಗೂರಿನ ಕಡೆ ಕಾರು ಓಡಿಸಿದೆ.