ಬಾಸ್ಕೊರೊ ಕಟ್ಟಿದ ಕಪಾಟು

ಬಾಸ್ಕೊರೊ ಹೇಡಿ. ಬುದ್ಧಿವಂತ, ದುಡಿಯುವವನು, ಹಿರಿಯರೆದುರು ತಗ್ಗಿ ನಡೆಯುವವನು, ಆದರೂ ಹೇಡಿ. ಕೋತಗೆಡೆಯ ನನ್ನ ಮನೆಯ ಹಿಂದಿನ ಕೋಣೆಯಲ್ಲಿ ಬಹಳ ವರ್ಷಗಳಿಂದ ಬಾಡಿಗೆಗಿದ್ದಾನೆ. ಮನೆಯ ಹಿರಿಯರನ್ನು ಕರೆಯುವಂತೆ ನನ್ನನ್ನು 'ಎಯಾಂಗ್' ಎನ್ನುತ್ತಾನೆ. ಅವನ ಕೋಣೆಯ ನಲ್ಲಿ ಸೋರಿದರೆ ಅದನ್ನು ಹೇಳಲು ಅಡುಗೆಮನೆಯ ಬಾಗಿಲಲ್ಲಿ ಸುಳಿದಾಡಿ, ಕೊನೆಗೆ ಸೆಕೆಯ ಬಗ್ಗೆ ನಾಲ್ಕು ಮಾತಾಡಿ ಹೋಗುತ್ತಾನೆ.

ಅವನು ಮಾಡಿದ ಒಳ್ಳೆಯ ಕೆಲಸವನ್ನೂ ಹೇಳಬೇಕು. ನನ್ನ ಹಳೆಯ ವಿದ್ಯಾರ್ಥಿನಿ ಪುರ್ವಾಂತಿ ಇಲ್ಲೇ ಒಂದು ಶಾಲೆಯಲ್ಲಿ ರಸಾಯನಶಾಸ್ತ್ರ ಕಲಿಸುತ್ತಾಳೆ. ಅಲ್ಲಿಯ ಶಿಕ್ಷಕರು ಪಾಠಕ್ಕೆ ಬೇಕಾದ್ದು ಅಂತರ್ಜಾಲದಲ್ಲಿ ಸಿಕ್ಕರೆ ವಾಟ್ಸಾಪ್ ಗುಂಪಿಗೆ ಹಾಕುತ್ತಿದ್ದರು. ಮದುವೆ, ಸಾವು, ಹುಟ್ಟುಹಬ್ಬದ ಸಂದೇಶಗಳ ಅಡಿಯಲ್ಲಿ ಅದು ಸಂಜೆಯೊಳಗೆ ಹೂತುಹೋಗುತ್ತಿತ್ತು. ಪುರ್ವಾಂತಿ ನಮ್ಮ ಮನೆಯಲ್ಲಿ ಕೂತು ಇದನ್ನು ಗೊಣಗಿದಳು. ಬಾಸ್ಕೊರೊ ಆ ಶಾಲೆಗೆಂದೇ, ಬ್ರೌಸರ್‌ಗೆ ಸೇರಿಸಿಕೊಳ್ಳುವ ಒಂದು ಎಕ್ಸ್‌ಟೆನ್ಷನ್ ಕಟ್ಟಿಕೊಟ್ಟ. ಮೂಲೆಯ ಗುಂಡಿ ಒತ್ತಿದರೆ ಎದುರಿಗಿರುವ ಪುಟ ಕಪಾಟು ಸೇರುತ್ತದೆ. ಕಪಾಟುಗಳು ಎರಡು: ಒಂದು ಶಿಕ್ಷಕರೆಲ್ಲರಿಗೂ ಕಾಣುವುದು, ಇನ್ನೊಂದು ಇಟ್ಟವರಿಗೆ ಮಾತ್ರ. ಎಲ್ಲರೂ ಮೆಚ್ಚಿದರು. ಯಾರಿಗಾದರೂ ತೊಡಕಾದರೆ ಕೇಳಲೆಂದು ಅವನನ್ನೂ ತಮ್ಮ ವಾಟ್ಸಾಪ್ ಗುಂಪಿಗೆ ಸೇರಿಸಿಕೊಂಡರು. ಹೊಸದಾಗಿ ಏನು ತಿದ್ದಿದರೂ ಅವನು ಮೊದಲು ಪುರ್ವಾಂತಿಯೊಬ್ಬಳಿಗೆ ಕೊಟ್ಟು ನೋಡುತ್ತಿದ್ದ. ತಪ್ಪಿದ್ದರೆ ಸಿಟ್ಟಾಗದೆ ಹೇಳುವವಳು ಅವಳು. ಅವಳನ್ನು ಅವನು ಮರ್ಯಾದೆಯಿಂದ 'ಬು', ಅಂದರೆ ಅಮ್ಮ, ಎನ್ನುತ್ತಾನೆ; ಅವಳು ಅವನನ್ನು 'ಮಾಸ್', ಅಂದರೆ ಅಣ್ಣ, ಎನ್ನುತ್ತಾಳೆ.

ಈ ಸಲದ ಉಪವಾಸದ ತಿಂಗಳಲ್ಲಿ ಅವಳು ಒಂದು ಸಂಜೆ ಉಪವಾಸ ಬಿಡಲು ನಮ್ಮ ಮನೆಗೆ ಬಂದಳು. ಬಾಸ್ಕೊರೊ ಬಡಿಸುತ್ತಿದ್ದ.

"ಹಬ್ಬ ಆದ್ಮೇಲೆ ಪಾಠ ಬಿಡ್ತಿದೀನಿ, ಪ್ರೊಫ್."

"ಯಾಕೆ?"

"ತಲೆ ಕೈಕೊಡ್ತಿದೆ."

ಕೆಲವು ತಿಂಗಳಿಂದ ಅವಳಿಗೆ ಹೆಸರುಗಳು ಥಟ್ಟನೆ ಹೊಳೆಯುತ್ತಿರಲಿಲ್ಲ. ಮರೆವಿನ ಕಾಯಿಲೆಯ ಬಗ್ಗೆ ಓದಿ, ಆ ಪುಟಗಳನ್ನು ತನ್ನ ಗುಟ್ಟಿನ ಕಪಾಟಿನಲ್ಲಿ ಇಟ್ಟಿದ್ದಳು. ವೈದ್ಯರು ನಿದ್ದೆ ಸಾಲದು, ಬೇರೇನಿಲ್ಲ ಎಂದ ಮೇಲೆ ನಿಶ್ಚಿಂತೆಯಾಗಿದ್ದಳು. ಉಪವಾಸ ಶುರುವಾಗುವ ಮೊದಲು ಒಂದು ಬೆಳಿಗ್ಗೆ ಆ ಪುಟಗಳೆಲ್ಲ ಎಲ್ಲರ ಕಪಾಟಿನಲ್ಲಿ, ಅವಳ ಹೆಸರಿನೊಂದಿಗೆ, ಕಾಣಿಸಿಕೊಂಡವು.

"ಯಾರೂ ಏನೂ ಅನ್ಲಿಲ್ಲ. ಪ್ರಾಂಶುಪಾಲರು ಕರೆದು ಟೀ ಕೊಟ್ರು. ಸಕ್ಕರೆನೂ ಅವರೇ ಕಲಸಿದ್ರು. ಆಗ್ಲೇ ಗೊತ್ತಾಯ್ತು, ನನ್ ಕಥೆ ಮುಗೀತು ಅಂತ."

"ಕೈತಪ್ಪಿ ಒತ್ತಿರ್ತೀಯ. ಅದಕ್ಕೆಲ್ಲ ಕೆಲಸ ಬಿಡ್ತಾರಾ?"

"ಅಷ್ಟೇ ಆಗಿದ್ರೆ ಬಿಡ್ತಿರ್ಲಿಲ್ಲ. ಸಂಜೆ ತೆಗೆದು ನೋಡ್ತೀನಿ, ಎಲ್ಲಾ ಮತ್ತೆ ನನ್ ಕಪಾಟಲ್ಲೇ ಕೂತಿವೆ! ಅಂದ್ರೆ ಹೊರಗಿಟ್ಟೋಳೂ ನಾನೇ, ಒಳಗಿಟ್ಟೋಳೂ ನಾನೇ. ಎರಡೂ ನೆನಪಿಲ್ಲ. ಇಂಥೋಳು ಮಕ್ಕಳ ಮುಂದೆ ಆಸಿಡ್ ಬಾಟ್ಲಿ ಮುಟ್ಟಬಹುದಾ, ಹೇಳಿ?"

ಬಾಸ್ಕೊರೊ ಸೌಟು ಹಿಡಿದು ಬಗ್ಗಿದ. "ಬು, ಇನ್ನೊಂಚೂರು ಕೊಲಾಕ್ ಹಾಕ್ಲಾ?"

"ನೀನೊಬ್ಬ, ಮಾಸ್," ಎಂದು ಅವಳು ನಕ್ಕಳು. "ಲೋಕ ಮುಳುಗ್ತಿದ್ರೂ ತೆಂಗಿನಹಾಲಲ್ಲಿ ಬಾಳೆಹಣ್ಣು ಬೇಯಿಸ್ಕೊಂಡು ಕೂತಿರ್ತೀಯ."

ಆ ತಿಂಗಳು ಅವನು ಅವಳ ಪ್ರಿಂಟರ್ ರಿಪೇರಿ ಮಾಡಿದ, ಸ್ಕೂಟರಿನ ಟೈರು ಬದಲಾಯಿಸಿದ, ಸಂತೆಯಿಂದ ಸಾಮಾನು ಹೊತ್ತು ತಂದ. ಸಂಜೆ ಉಪವಾಸ ಬಿಡುವಾಗಲೂ ಎರಡು ತುತ್ತಿಗೆ ಏಳುತ್ತಿದ್ದ. ಪಾಪ, ಅವಳ ಮೇಲೆ ಕನಿಕರ ಎಂದುಕೊಂಡೆ.

ಹಬ್ಬದ ಹಿಂದಿನ ದಿನ ನಾನೂ ಬಾಸ್ಕೊರೊನೂ ಕೂತು, ಹಬ್ಬದ ಅಡುಗೆ ಕೆತುಪತ್ ಮಾಡಲು, ತೆಂಗಿನಗರಿಯ ಚೀಲಗಳಿಗೆ ಅಕ್ಕಿ ತುಂಬುತ್ತಿದ್ದೆವು.

"ಎಯಾಂಗ್, ಅದು ಬು ಪುರ್ವಾಂತಿಯವರ ಕೈತಪ್ಪಲ್ಲ. ನಂದು."

ತಲೆಯೆತ್ತದೆ ಹೇಳಿದ. ಹಳೆಯ ಪುಟಗಳನ್ನು ಹೊಸ ಆವೃತ್ತಿಗೆ ಸಾಗಿಸುವಾಗ 'ಗುಟ್ಟು' ಎಂಬ ಗುರುತು ಅವುಗಳೊಂದಿಗೆ ಸಾಗಿರಲಿಲ್ಲ. ಗುರುತಿಲ್ಲದ್ದೆಲ್ಲ ಎಲ್ಲರದ್ದು ಎಂದು ಅವನೇ ಬರೆದಿಟ್ಟಿದ್ದ. ಕಪಾಟು ತುಂಬಿದಂತೆ ಕಂಡರೆ ಚೆನ್ನ ಎಂದು. ಹೊಸ ಆವೃತ್ತಿ ಇದ್ದದ್ದು ಅವಳೊಬ್ಬಳ ಬಳಿ, ಆದ್ದರಿಂದ ಬಯಲಾದದ್ದೂ ಅವಳೊಬ್ಬಳದೇ. ಅದೇ ದಿನ ಮಧ್ಯಾಹ್ನ ಅವನ ಕಣ್ಣಿಗೆ ಬಿತ್ತು. ಸದ್ದಿಲ್ಲದೆ ಸರಿಪಡಿಸಿ, ಪುಟಗಳನ್ನು ಸ್ವಸ್ಥಾನಕ್ಕೆ ಸೇರಿಸಿದ.

"ಆವತ್ತೇ ಯಾಕೋ ಬಾಯಿ ಬಿಡ್ಲಿಲ್ಲ?"

"ಯಾರೂ ಕೇಳ್ಲಿಲ್ಲ."

"ಅವಳು ಕೆಲಸ ಬಿಡ್ತೀನಿ ಅಂದಾಗ?"

"ಆಗ ಹೇಳಿದ್ರೆ, ಇಷ್ಟು ದಿನ ಯಾಕೆ ಹೇಳ್ಲಿಲ್ಲ ಅಂತಿದ್ರು." ಚೀಲದ ಬಾಯಿ ಮಡಿಸಿ ಸೇರಿಸಿದ. "ನಾಳೆ ಹೇಗೂ ಕ್ಷಮೆ ಕೇಳ್ತೀನಲ್ಲ, ಎಯಾಂಗ್."

ನಮ್ಮಲ್ಲಿ ಹಬ್ಬದ ದಿನ ಎಲ್ಲರೂ ಎಲ್ಲರ ಕ್ಷಮೆ ಕೇಳುತ್ತಾರೆ. ವರ್ಷದ ತಪ್ಪುಗಳನ್ನೆಲ್ಲ ಒಟ್ಟುಸೇರಿಸಿ ಒಂದೇ ಕ್ಷಮೆ. ಯಾವ ತಪ್ಪೆಂದು ಬಿಡಿಸಿ ಹೇಳುವುದು ಮರ್ಯಾದೆಯಲ್ಲ. ಕೇಳುವುದಂತೂ ಅಲ್ಲವೇ ಅಲ್ಲ. ಬಾಸ್ಕೊರೊನಂಥವರಿಗೆ ಇದಕ್ಕಿಂತ ಅನುಕೂಲದ ಹಬ್ಬವಿಲ್ಲ. ನಾಳೆ ಪುರ್ವಾಂತಿ ನಮ್ಮಲ್ಲಿಗೆ ಬಂದಾಗ, ಅವಳು ಹೊರಡುವ ಮೊದಲು ನಾನೇ ಹೇಳಿಬಿಡುವುದೆಂದು ನಿಶ್ಚಯಿಸಿದೆ. ಅವನಿಗೆ ಅದನ್ನು ತಿಳಿಸಲಿಲ್ಲ.

ಮರುದಿನ ಪುರ್ವಾಂತಿ ಬಂದು ಕುರ್ಚಿಯಲ್ಲಿ ಕೂತಳು. ಅವನು ಮಂಡಿಯೂರಿ, ಅವಳ ಮೊಣಕಾಲಿಗೆ ಹಣೆ ಮುಟ್ಟಿಸಿ, "ಒಳಗಿಂದು ಹೊರಗಿಂದು, ಎಲ್ಲಾ ತಪ್ಪೂ ಕ್ಷಮಿಸ್ಬಿಡಿ, ಬು," ಎಂದ.

"ಕ್ಷಮಿಸ್ದೆ. ನಂದೂ ಕ್ಷಮಿಸ್ಬಿಡು, ಮಾಸ್." ಅವಳು ಅವನ ತಲೆ ಮುಟ್ಟಿದಳು. ಅಲ್ಲಿಗೆ ಮುಗಿಯಿತು. ಅವನು ಏಳಬೇಕಿತ್ತು. ಏಳಲಿಲ್ಲ.

"ಏನು, ಮಂಡಿ ಹಿಡ್ಕೊಂಡ್ತಾ?"

"ಕಪಾಟು ತೆರೆದಿದ್ದು ನೀವಲ್ಲ, ಬು. ಮುಚ್ಚಿದ್ದೂ ನೀವಲ್ಲ."

ನೆಲ ನೋಡುತ್ತ, ತೊದಲುತ್ತ, ಅವಳಿಗೆ ಅರ್ಥವಾಗದ ಕಂಪ್ಯೂಟರ್ ಮಾತುಗಳನ್ನು ನಡುವೆ ತುರುಕುತ್ತ ಎಲ್ಲವನ್ನೂ ಹೇಳಿದ. ಅವಳು ಕಾಲನ್ನು ಹಿಂದಕ್ಕೆಳೆದುಕೊಂಡಳು.

"ಯಾವಾಗಿಂದ ಗೊತ್ತು?"

"ಆವತ್ತು ಮಧ್ಯಾಹ್ನದಿಂದ."

"ಇಡೀ ತಿಂಗಳು ಗ್ಯಾಸ್ ಆರಿಸಿದೀನಾ ಅಂತ ಎದ್ದೆದ್ದು ನೋಡಿದೀನಿ ಕಣೋ. ನನ್ ಮೇಲೆ ನನಗೇ ಕಾವಲು." ಆಮೇಲೆ ನನ್ನ ಕಡೆ ತಿರುಗಿದಳು. "ಕ್ಷಮೆ ಆಗ್ಲೇ ಕೊಟ್ಬಿಟ್ಟೆ. ವಾಪಸ್ ತಗೊಳ್ಳೋ ಪದ್ಧತಿ ಇದೆಯಾ, ಪ್ರೊಫ್?"

"ಇಲ್ಲ," ಎಂದೆ.

"ಛೇ."

ಬಾಸ್ಕೊರೊ ನೆಲದ ಮೇಲೆಯೇ ಕೂತು ಜೇಬಿನಿಂದ ಫೋನು ತೆಗೆದ. ಶಾಲೆಯ ಗುಂಪಿನಲ್ಲಿ ಪ್ರಾಂಶುಪಾಲರಿಂದ ಹಿಡಿದು ಎಲ್ಲರೂ ಹೂವಿನ ಚಿತ್ರ, ಮಸೀದಿಯ ಚಿತ್ರ ಹಾಕಿ ಒಬ್ಬರನ್ನೊಬ್ಬರು ಕ್ಷಮೆ ಕೇಳುತ್ತಿದ್ದರು. ಅವುಗಳ ನಡುವೆ ಅವನು ತನ್ನ ಹೆಸರಿನಿಂದ ಶುರುಮಾಡಿ, ಯಾವ ತಪ್ಪೆಂದು ಬಿಡಿಸಿ ಬರೆಯತೊಡಗಿದ. ಬರೆದು, ನಮಗಿಬ್ಬರಿಗೂ ತೋರಿಸದೆ, ಕಳುಹಿಸಿದ. ಆಮೇಲೆ ಫೋನನ್ನು ಮೇಜಿನ ಮೇಲೆ, ಪರದೆ ಎಲ್ಲರಿಗೂ ಕಾಣುವಂತೆ, ಪುರ್ವಾಂತಿಯ ತಟ್ಟೆಯ ಪಕ್ಕದಲ್ಲಿಟ್ಟ.