ಡೈರಿಯ ಪಾಸ್‌ವರ್ಡ್ ಗೊತ್ತಿದ್ದವರು

ಸ್ನೇಹಿತರೇ, ಈ ಸುದ್ದಿಯನ್ನು ಮೊದಲು ಹೇಳಿದವಳು ನ್ಯಾಮತಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ನಮ್ಮ ಶೈಲಾ, ನಿನ್ನೆ ಸಂಜೆ, ಊರಿನ ಹಾಲಿನ ಡೈರಿಯಲ್ಲಿ.

ಕಂಪ್ಯೂಟರಿನಲ್ಲಿ ಯಾವ ಪ್ರೋಗ್ರಾಂ ಕೆಟ್ಟು ನಿಂತರೂ ಕಂಪನಿಗೆ ಸುದ್ದಿ ಮುಟ್ಟಿಸುವ ಇನ್ನೊಂದು ಪ್ರೋಗ್ರಾಂ ಇರುತ್ತದಂತೆ. ಸಾವಿನ ಸುದ್ದಿ ತಂದವರನ್ನು ನಾವು ಬಾಗಿಲಲ್ಲಿ ತಡೆಯುವುದಿಲ್ಲವಲ್ಲ, ಹಾಗೆ ಅದಕ್ಕೂ ಎಲ್ಲೆಡೆ ಪ್ರವೇಶ. ಈಗ ಅದರಲ್ಲೇ ದೋಷ ಸಿಕ್ಕಿದೆ. ಸಾಮಾನ್ಯ ಪಾಸ್‌ವರ್ಡ್ ಇದ್ದವರೂ ಅದರ ಬೆನ್ನ ಹಿಂದೆಯೇ ನುಸುಳಿ ಇಡೀ ಯಂತ್ರದ ಯಜಮಾನರಾಗಬಹುದು. ಹಾಲಿಗೆ ದರ ಕಟ್ಟುವ ಫ್ಯಾಟಿನ ಅಂಕಿಯನ್ನು ಯಾರದ್ದಾದರೂ ತಿದ್ದಬಹುದು.

“ಹೊರಗಿನ ಕಳ್ಳ ಬರಾಕೆ ದಾರಿ ಐತೆ ಅನ್ನವ್ವ,” ಎಂದರು ಕಾರ್ಯದರ್ಶಿ ಹಾಲೇಶಪ್ಪ.

“ಹೊರಗಿನೋರಿಗಲ್ಲ ಮಾವ. ಆಗ್ಲೇ ಒಳಗೆ ಕುಂತೋರಿಗೆ.”

ನಮ್ಮ ಡೈರಿಯ ಪಾಸ್‌ವರ್ಡ್ ಊರಿಗೆಲ್ಲ ಗೊತ್ತು. ಪಕ್ಕದ ಮನೆಯ ಗಿರಿಜಕ್ಕ ರೇಗಿದಳು: “ಮೊನ್ನೆ ನಮ್ಮ ಎಮ್ಮೆ ಫ್ಯಾಟು ಇಳಿದಿತ್ತು. ಈಗ ಯಾರ ಮುಖ ನೋಡಿ ಅನುಮಾನ ಪಡ್ಲಿ ಹೇಳು!”

“ಯಾರ ಮೇಲೂ ಬ್ಯಾಡ ಅತ್ತೆ. ಅದಕ್ಕೇ ಈಗ್ಲೇ ಅಪ್‌ಡೇಟ್ ಮಾಡ್ತೀನಿ,” ಎಂದ ಶೈಲಾ ಅಲ್ಲೇ ಕೂತು ಸರಿಪಡಿಸಿ ಹೋದಳು.

ದಿನಾ ಬೆಳಿಗ್ಗೆ ಮೊದಲು ಬಂದವರೇ ಡೈರಿಯ ಕಂಪ್ಯೂಟರ್ ಆನ್ ಮಾಡಿಡುವುದು ನಮ್ಮಲ್ಲಿ ರೂಢಿ. ಇವತ್ತು ಯಂತ್ರ ಸರಿಯಾಗಿತ್ತು. ಆದರೂ ಒಬ್ಬರೇ ಮೊದಲು ಹೋಗಿ ಅನುಮಾನಕ್ಕೆ ಸಿಕ್ಕಲು ಯಾರಿಗೂ ಮನಸ್ಸಿರಲಿಲ್ಲ. ಎಲ್ಲರೂ ಕ್ಯಾನು ಹಿಡಿದು ತಮ್ಮ ತಮ್ಮ ಬಾಗಿಲಲ್ಲೇ ನಿಂತು ಬೀದಿ ನೋಡುತ್ತಿದ್ದೆವು. ಕೊನೆಗೆ ಗಿರಿಜಕ್ಕ, “ಹಾಲು ಒಡೀತದೆ, ಬರ್ರಿ! ಎಲ್ಲಾರೂ ಒಟ್ಟಿಗೇ ಕಳ್ಳರಾಗಾನ,” ಎಂದು ಕೂಗಿದ ಮೇಲೆ, ಇಡೀ ಬೀದಿ ಒಮ್ಮೆಲೇ ಡೈರಿಯೊಳಗೆ ಕಾಲಿಟ್ಟಿತು.