ಗಿರಿಜಕ್ಕ ಕೈ ಮುಗಿದದ್ದು

ಈಚೆಗೆ ನಾನು ಸ್ವಿಚ್ ಹಾಕುವ ಮುಂಚೆ ಮೂಸಿ ನೋಡುತ್ತೇನೆ. ಬಚ್ಚಲಿನ ದೀಪವಿರಲಿ, ಫ್ಯಾನಿರಲಿ, ಒಮ್ಮೆ ಮೂಗೆಳೆದು ಆಮೇಲೆಯೇ ಒತ್ತುವುದು. ರಸಾಯನಶಾಸ್ತ್ರ ಓದಿದವಳಿಗೆ ಇದೇನು ಹುಚ್ಚು ಎಂದು ಮನೆಯವರು ನಗುತ್ತಾರೆ. ನಗಲಿ. ಅವರು ಆ ಬೆರಳನ್ನು ನೋಡಿಲ್ಲ.

ಬೆರಳು ಚಿರಂತ ಎಂಬ ಹುಡುಗನದು. ಶಂಕರಪುರಂನ ನಮ್ಮ ಪಕ್ಕದ ಮನೆಯ ಗಿರಿಜಕ್ಕನ ಹಿತ್ತಲಲ್ಲಿ ಒಂದು ರೂಮು ಬಾಡಿಗೆಗೆ ಹಿಡಿದು, ಕಂಪ್ಯೂಟರಿನಲ್ಲಿ ಕುಣಿತದ ಸಂಗೀತ ಮಾಡುವವನು. "ಟ್ರಾನ್ಸ್ ಮ್ಯೂಸಿಕ್ ಅಂತಾರೆ, ಆಂಟಿ. ನಾನು ಸ್ಕೂಲಲ್ಲಿದ್ದಾಗ ನಮ್ಮಣ್ಣ ಸಿಡಿ ಹಾಕ್ತಿದ್ದ. ಅದಕ್ಕೆ ಎಮೋ ಬೆರೆಸ್ತಿದೀನಿ" ಎಂದಿದ್ದ. ಎಮೋ ಎಂದರೆ, ನನಗೆ ತಿಳಿದ ಮಟ್ಟಿಗೆ, ಪ್ರೀತಿಯಲ್ಲಿ ಸೋತ ಹುಡುಗರು ಗಿಟಾರು ಹಿಡಿದು ಗಂಟಲು ಹರಿಯುವಂತೆ ಅಳುವುದು. ಅಳುತ್ತಾ ಯಾರಪ್ಪಾ ಕುಣಿಯುತ್ತಾರೆ ಎಂದು ನಕ್ಕಿದ್ದೆ. ಆಮೇಲೆ ಚಾಮರಾಜಪೇಟೆಯ ಕಡೆ ಹೋಗುವ ಹೆಣದ ಮೆರವಣಿಗೆಗಳು ನೆನಪಾದವು. ಮುಂದೆ ತಮಟೆ, ಅದರ ಮುಂದೆ ಕಣ್ಣೊರೆಸಿಕೊಳ್ಳುತ್ತಲೇ ಹೆಜ್ಜೆ ಹಾಕುವ ಮಕ್ಕಳು ಮೊಮ್ಮಕ್ಕಳು. ನಮ್ಮೂರಿಗೆ ಇದು ಹೊಸದೇನಲ್ಲ, ಪ್ಲಗ್ಗಿಗೆ ಸಿಕ್ಕಿಸಿದ್ದಷ್ಟೇ ಹೊಸದು. ಆದರೂ ನಮ್ಮ ಬೀದಿಯಲ್ಲಿ ಅವನಿಗೆ ಬೈಯುವವರಿದ್ದರೇ ಹೊರತು ಕೇಳುವವರಿರಲಿಲ್ಲ. ಹಾಗಾಗಿ ಸದಾ ಹೆಡ್‌ಫೋನ್.

ಅವತ್ತು ಮಧ್ಯಾಹ್ನ ಗಿರಿಜಕ್ಕ ಹಿತ್ತಲಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ನಾನು ಹರಟೆಗೆ. ಇದ್ದಕ್ಕಿದ್ದಂತೆ ಗ್ಯಾಸ್ ವಾಸನೆ, ಅವನ ಕಿಟಕಿಯಿಂದ. ಇಣುಕಿದರೆ, ಕಾಫಿಗಿಟ್ಟ ಹಾಲು ಉಕ್ಕಿ ಒಲೆ ಆರಿದೆ. ಅವನು ನಮಗೆ ಬೆನ್ನು ಹಾಕಿ ತಲೆಯಾಡಿಸುತ್ತಿದ್ದಾನೆ. ನೆಗಡಿಯಿಂದ ಮೂಗು ಕಟ್ಟಿದೆ, ಕಿವಿಯನ್ನು ತಾನೇ ಕಟ್ಟಿಕೊಂಡಿದ್ದಾನೆ.

ಒಳಗಿನಿಂದ ಚಿಲಕ. ಬಾಗಿಲು ಬಡಿದೆವು, ಕೂಗಿದೆವು. ಗಿರಿಜಕ್ಕನ ಕೈ ಕಾಲಿಂಗ್ ಬೆಲ್ಲಿನತ್ತ ಹೋಯಿತು. ಹಿಡಿದುಕೊಂಡೆ.

"ಬೇಡಿ ಅಕ್ಕ, ಕಿಡಿ ಹಾರಿದ್ರೆ?"

"ಮತ್ತೆ ಹೆಂಗೇ ಕರೆಯೋದು ಅವನ್ನ?"

ಅನ್ನುತ್ತಲೇ ಅವರು ಒಂದು ಹಿಡಿ ಅವರೆಕಾಯಿಯನ್ನು ಕಿಟಕಿಯ ಸರಳುಗಳ ನಡುವಿನಿಂದ ಎಸೆದರು. ಬೆನ್ನಿಗೆ ತಗುಲಿತು. ತಿರುಗಿದ.

ಇಲ್ಲಿಂದ ಮುಂದಿನದು ನನಗೆ ಈಗಲೂ ದಿನವೂ ಕಾಣುತ್ತದೆ. ನಾವಿಬ್ಬರೂ ಕೈ ಮೇಲೆತ್ತಿ ಬೇಡ, ಬೇಡ ಎಂದು ಬೀಸುತ್ತಿದ್ದೇವೆ. ಅವನು ಹೆಡ್‌ಫೋನ್ ತೆಗೆಯುವುದಿಲ್ಲ. ಮುಖ ಅರಳುತ್ತದೆ. ಕೈಯೆತ್ತಿ ಬೀಸುವವರನ್ನು ಕಂಡರೆ ಅವನ ಕಸುಬಿನವರಿಗೆ ಹೊಳೆಯುವುದು ಒಂದೇ: ಕುಣಿಯುತ್ತಿದ್ದಾರೆ, ಇನ್ನೂ ಜೋರಾಗಿ ಬೇಕಂತೆ. ಕೊನೆಗೂ ಇಬ್ಬರು ಕೇಳುಗರು!

"ಸ್ಪೀಕರಲ್ಲಿ ಹಾಕ್ತೀನಿ ಆಂಟಿ!" ಎಂದು ಕೂಗಿ ಗೋಡೆಯ ಸ್ವಿಚ್ಚಿಗೆ ಕೈ ಚಾಚಿದ.

ಬೆರಳು ಸ್ವಿಚ್ಚಿನ ಮೇಲಿತ್ತು. ನಾನು ಇನ್ನೂ ಕೈ ಬೀಸುತ್ತಲೇ ಇದ್ದೆ. ಗಿರಿಜಕ್ಕ ಮಾತ್ರ ಎತ್ತಿದ್ದ ಕೈಗಳನ್ನು ಎದೆಗೆ ತಂದು, ತಲೆ ಬಾಗಿಸಿ, ಅವನಿಗೆ ನಮಸ್ಕಾರ ಮಾಡಿಬಿಟ್ಟರು.

ಅವನು ಬೆಚ್ಚಿಬಿದ್ದು ಕೈ ಹಿಂದೆಳೆದುಕೊಂಡ. ಹೆಡ್‌ಫೋನ್ ಕಿತ್ತು ಹಾಕಿದ. "ಅಯ್ಯೋ ಅಜ್ಜಿ, ದೊಡ್ಡೋರು ನೀವು, ನಂಗ್ಯಾಕೆ ಕೈ ಮುಗೀತೀರಾ? ನನ್ನ ಆಯಸ್ಸು ಕಮ್ಮಿ ಆಗುತ್ತೆ!"

"ಆಯಸ್ಸು ಆಮೇಲೆ ನೋಡ್ಕೊಳ್ಳೋಣ, ಯಾವ ಸ್ವಿಚ್ಚೂ ಮುಟ್ಟದೆ ಮೊದ್ಲು ಗ್ಯಾಸ್ ಆಫ್ ಮಾಡೋ ಮುಂಡೇದೇ!"

ಶಾಸ್ತ್ರದ ಪ್ರಕಾರ ಅವನು ಹೇಳಿದ್ದು ಸರಿಯೇ. ಆಯಸ್ಸು ಕಳೆಯುವ ನಮಸ್ಕಾರವೇ ಆಯಸ್ಸು ಉಳಿಸಿದ್ದಕ್ಕೆ ನನ್ನ ರಸಾಯನಶಾಸ್ತ್ರದಲ್ಲಿ ಸಮೀಕರಣವಿಲ್ಲ.

ಕಿಟಕಿ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಮೂವರೂ ನಮ್ಮ ಮನೆಯ ಜಗಲಿಯಲ್ಲಿ ಕೂತೆವು. ಬೈಗುಳವೆಲ್ಲ ಮುಗಿದ ಮೇಲೆ ಗಿರಿಜಕ್ಕ, "ಅದೇನೋ ಹಾಕ್ತೀನಿ ಅಂದ್ಯಲ್ಲ, ಹಾಕು" ಎಂದರು. ಫೋನಿನಲ್ಲಿ ಹಾಕಿದ. ಡ್ರಮ್ಮು ಏರುತ್ತಾ ಏರುತ್ತಾ ಹೋಗಿ, ಒಂದು ಕಡೆ ಎಲ್ಲವೂ ಗಪ್ಪನೆ ನಿಂತಿತು. ಬರೀ ಒಂದು ಎಳೆಯ ದನಿ, ಆಮೇಲೆ ಅದೂ ಇಲ್ಲ. ಗಿರಿಜಕ್ಕ ನನ್ನ ಮಣಿಕಟ್ಟನ್ನು ಬಿಗಿಯಾಗಿ ಹಿಡಿದುಕೊಂಡರು. ನಾನೂ ಉಸಿರು ಹಿಡಿದಿದ್ದೆ. ಆಮೇಲೆ ಡ್ರಮ್ಮು ಮರಳಿ ಬಂತು.

"ಅದೊಂದು ಜಾಗ ತೆಗೆದುಬಿಡೋ. ಜೀವ ಹೋಗಿ ಬಂತು."

"ಅದನ್ನ ಕೇಳೋಕೇ ಅಜ್ಜಿ ಜನ ಬರೋದು."

ಗಿರಿಜಕ್ಕ ನನ್ನ ಮಣಿಕಟ್ಟನ್ನು ಮತ್ತೆ ಹಿಡಿದುಕೊಂಡರು.

"ಹಂಗಾದ್ರೆ ಇನ್ನೊಂದ್ಸಲ ಹಾಕು."